ರೋಗಿಯ ಭೇಟಿ: ಋಣಸಂದಾಯವೋ, ಸೇವೆಯೋ?

ರೋಗಪೀಡಿತರನ್ನು ಕಂಡು ಮಾತನಾಡಿಸಿ ಬರುವುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಆಚಾರವಾಗಿದೆ. ಮದುವೆಗೆ ಹೋಗದಿದ್ದರೆ ಕ್ಷಮಿಸುವವರು ಆಸ್ಪತ್ರೆಗೆ ಬಾರದವರನ್ನು ಸುಲಭವಾಗಿ ಕ್ಷಮಿಸುವುದಿಲ್ಲ. ಆಚಾರವು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಬಹುಕಾಲ ನಡೆದುಬಂದ ಯಾವ ಆಚಾರದಲ್ಲಿಯೂ ಒಳಗಿನ ಭಾವವು ಒಣಗಿ ಹೊರಗಿನ ರೂಢಿಯಷ್ಟೇ ಉಳಿಯುವ ಸಂಭವವುಂಟು. ಆದ್ದರಿಂದ ನಾವು ಆಸ್ಪತ್ರೆಗೆ ಹೋಗುವುದು ಯಾರಿಗಾಗಿ, ಹೋಗಿ ಬಂದುದರಿಂದ ಯಾರ ಭಾರವು ಎಷ್ಟು ಇಳಿಯಿತು ಎಂಬುದನ್ನು ಆಗಾಗ ವಿಚಾರಿಸಿಕೊಳ್ಳುವುದು ಶ್ರಾವಕನ ಕರ್ತವ್ಯವೇ ಆಗಿದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಿವಾಸಿಗಳಿಗೆ ಈ ವಿಚಾರವು ಬೇರೆಯವರಿಗಿಂತ ಹೆಚ್ಚು ಸಮೀಪದ್ದು. ನಮ್ಮ ಜಿಲ್ಲಾಕೇಂದ್ರವು ಕಡಲತಡಿಯ ಕಾರವಾರವಾದರೂ ಕಠಿಣ ರೋಗ ಬಂದಾಗ ಇಲ್ಲಿಯ ಜನ ಘಟ್ಟವಿಳಿಯುವುದು ಕಡಿಮೆ. ಅವರ ವಾಹನಗಳು ಬಯಲುಸೀಮೆಯ ಕಡೆಗೇ ತಿರುಗುತ್ತವೆ. 1957ರಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವೆಂದು ಆರಂಭವಾಗಿ, ಮುಂದೆ ಜನರ ಬಾಯಲ್ಲಿ ಕಿಮ್ಸ್ ಎಂದೇ ನೆಲೆಯೂರಿದ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಒಂದು. 2003ರಲ್ಲಿ ಧಾರವಾಡದ ಸತ್ತೂರಿನಲ್ಲಿ ಆರಂಭವಾಗಿ, ಈಗ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದ ಅಂಗವಾಗಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇನ್ನೊಂದು. ಕೆಲವರು ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಗೂ ಹೋಗುತ್ತಾರೆ. ದಾಂಡೇಲಿಯಿಂದ ಧಾರವಾಡಕ್ಕೆ 50 ಕಿಲೋಮೀಟರಿಗೂ ಹೆಚ್ಚು ದೂರ. ಜೋಯಿಡಾದ ಕಾಡೊಳಗಿನ ಹಳ್ಳಿಗಳಿಂದ ಅದರ ದುಪ್ಪಟ್ಟು ಆದೀತು. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸು ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡಾಗ, ದೊಡ್ಡ ಆಸ್ಪತ್ರೆಯ ದೂರವೆಂಬುದು ಈ ಜಿಲ್ಲೆಯಲ್ಲಿ ಎಂತಹ ವಿಷಯವೆಂದು ನಾಡಿಗೆಲ್ಲ ತಿಳಿಯಿತು.

ದೂರದ ಆಸ್ಪತ್ರೆಗೆ ಹೋಗುವುದು ರೋಗಿಯೊಬ್ಬನೇ ಅಲ್ಲ. ಅವನ ಜೊತೆಗೆ ಹೆಂಡತಿಯೋ, ತಾಯಿಯೋ, ಮಗನೋ ಹೋಗುತ್ತಾರೆ. ರೋಗಿಗೆ ಹಾಸಿಗೆಯುಂಟು, ವೈದ್ಯರುಂಟು, ಹೊತ್ತಿಗೆ ಸರಿಯಾಗಿ ಗುಳಿಗೆಯುಂಟು. ಜೊತೆಗಾರನಿಗೆ ಮಂಚದ ಕೆಳಗಿನ ನೆಲ, ಇಲ್ಲವೆ ಪಡಸಾಲೆಯ ಮೂಲೆ. ರಕ್ತದ ಮಾದರಿಯನ್ನು ಒಯ್ಯುವವನು ಅವನು. ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವವನು ಅವನು. ರಾತ್ರಿ ಸಲಾಯಿನ್ ಬಾಟಲಿಯ ಮೇಲೆ ಕಣ್ಣಿಟ್ಟು ಕೂಡುವವನೂ ಅವನೇ. ಎಂಟು ದಿನಗಳಾದ ಮೇಲೆ ರೋಗಿಗಿಂತ ಜೊತೆಗಾರನೇ ಕೃಶನಾಗಿ ಕಾಣುವುದುಂಟು. ಅವನ ಹೆಸರು ಯಾವ ದಾಖಲೆಯಲ್ಲಿಯೂ ರೋಗಿಯೆಂದು ಬರೆಯಲ್ಪಟ್ಟಿರುವುದಿಲ್ಲ.

ಈಗ ನಮ್ಮ ಭೇಟಿಗಳ ಸ್ವರೂಪವನ್ನು ನೋಡೋಣ. ವ್ಯಾಪಾರಸ್ಥರಿಗೆ ಅರ್ಥವಾಗುವಂತೆ ಹೇಳುವುದಾದರೆ, ನಮ್ಮಲ್ಲಿ ಬಹುತೇಕ ಭೇಟಿಗಳು ಖಾತೆಗೆ ಖಾತೆ ಸರಿಹೊಂದಿಸುವ ನಮೂದುಗಳಾಗಿವೆ. ‘ನಮ್ಮ ತಂದೆಯವರು ಮಲಗಿದಾಗ ಅವರು ಬಂದಿದ್ದರು, ಈಗ ನಾವು ಹೋಗಿ ಬರಬೇಕು’ ಎಂಬ ಮಾತನ್ನು ಯಾರು ಕೇಳಿಲ್ಲ? ಒಂದು ಕಡೆ ನಾವೆ, ಇನ್ನೊಂದು ಕಡೆ ಜಮೆ, ಲೆಕ್ಕ ಸರಿಯಾಯಿತು. ಬಾಡಿಗೆ ಗಾಡಿಯಲ್ಲಿ ಆರು ಜನ ಹೋಗುತ್ತಾರೆ, ಹಾಸಿಗೆಯ ಸುತ್ತ ಹತ್ತು ನಿಮಿಷ ನಿಲ್ಲುತ್ತಾರೆ, ರೋಗದ ಕಥೆಯನ್ನು ಮೊದಲಿನಿಂದ ಹೇಳಿಸಿಕೊಳ್ಳುತ್ತಾರೆ, ಸೇಬು ಮೋಸಂಬಿಗಳ ಚೀಲವನ್ನಿಟ್ಟು ಹೊರಡುತ್ತಾರೆ. ಅದೇ ಕಥೆಯನ್ನು ಜೊತೆಗಾರನು ಮುಂದಿನ ತಂಡಕ್ಕೆ ಪುನಃ ಹೇಳಬೇಕು. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಋಣ ತೀರಿಸುವುದು ಸಜ್ಜನರ ಲಕ್ಷಣವೇ. ಆದರೆ ಋಣಸಂದಾಯವನ್ನು ದಾನದ ಖಾತೆಗೆ ಬರೆಯಲಾಗದು. ಮರಳಿ ಬರುವ ನಿರೀಕ್ಷೆಯಿಲ್ಲದೆ ಕೊಟ್ಟುದು ದಾನ.

ಒಮ್ಮೆ ಒಂದು ದೊಡ್ಡ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ನಮ್ಮ ಬಂಧುಗಳೊಬ್ಬರ ಬಳಿ ಎರಡು ದಿನ ಕುಳಿತಿರುವ ಪ್ರಸಂಗ ಬಂದಿತ್ತು. ಅವರ ಕಪಾಟಿನಲ್ಲಿ ತಿನ್ನುವವರಿಲ್ಲದೆ ಬಾಳೆಹಣ್ಣುಗಳು ಕಪ್ಪಾಗುತ್ತಿದ್ದವು. ಪಕ್ಕದ ಹಾಸಿಗೆಯಲ್ಲಿ ಜೋಯಿಡಾ ಕಡೆಯ ಕುಣಬಿ ಸಮಾಜದ ವೃದ್ಧನೊಬ್ಬ. ಬಳಿಯಲ್ಲಿ ಅವನ ಹೆಂಡತಿ. ಆಕೆಗೆ ಕೊಂಕಣಿಯ ಹೊರತು ಬೇರೆ ಭಾಷೆ ಬಾರದು. ವೈದ್ಯರು ಶಸ್ತ್ರಚಿಕಿತ್ಸೆಗೆ ಮುನ್ನ ರಾತ್ರಿ ಏನನ್ನೂ ಉಣಿಸಬಾರದೆಂದು ಕನ್ನಡದಲ್ಲಿ ಸ್ಪಷ್ಟವಾಗಿಯೇ ಹೇಳಿ ಹೋದರು. ಆಕೆ ತಲೆಯಾಡಿಸಿದಳು, ಅವರು ಹೋದ ಮೇಲೆ ಗಂಜಿಯ ಪಾತ್ರೆಗೆ ಕೈಹಾಕಿದಳು. ನೆಲ ಒರೆಸುತ್ತಿದ್ದ ಹೆಣ್ಣುಮಗಳೊಬ್ಬಳು ಅದನ್ನು ಕಂಡು, ಕೆಲಸ ಬಿಟ್ಟು ಬಂದು, ಪಾತ್ರೆಯನ್ನು ಸರಿಸಿ, ಕೊಂಕಣಿಯಲ್ಲಿ ವಿಷಯವನ್ನೆಲ್ಲ ತಿಳಿಸಿ ಹೇಳಿದಳು. ಮರುದಿನವೂ ಬಂದು ವಿಚಾರಿಸಿದಳು. ಆ ಎರಡು ದಿನಗಳಲ್ಲಿ ಆ ವಾರ್ಡಿಗೆ ಬಂದು ಹೋದ ಸಂದರ್ಶಕರು ನೂರಕ್ಕೆ ಕಡಿಮೆಯಿರಲಾರರು. ಆ ವೃದ್ಧ ದಂಪತಿಗಳ ಪಾಲಿಗೆ ನಿಜವಾದ ಸಂದರ್ಶಕಳು ಆಕೆಯೊಬ್ಬಳೇ.

ನಮ್ಮ ಆಚಾರ್ಯರು ಇದಕ್ಕೆ ವೈಯಾವೃತ್ಯವೆಂಬ ಹೆಸರನ್ನಿಟ್ಟಿದ್ದಾರೆ. ಅದು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಉಪವಾಸವು ಬಹಿರಂಗ ತಪಸ್ಸಾಗಿದ್ದು ಸೇವೆಯು ಅಂತರಂಗ ತಪಸ್ಸಾಗಿರುವುದು ಮನನೀಯವಾದ ಸಂಗತಿ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಸೇರಿಸಿ, ಆಹಾರ, ಔಷಧ, ಉಪಕರಣ, ಆವಾಸಗಳೆಂದು ಅದರ ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಆವಾಸದಾನಕ್ಕೆ ಅವರು ಕೊಟ್ಟ ದೃಷ್ಟಾಂತ ರಾಜನದಲ್ಲ, ಶ್ರೇಷ್ಠಿಯದಲ್ಲ. ಗುಹೆಯಲ್ಲಿ ತಂಗಿದ್ದ ಮುನಿಗಳನ್ನು ಹುಲಿಯಿಂದ ಕಾಯಲು ಹೋರಾಡಿ ಮಡಿದ ಒಂದು ಹಂದಿಯದು. ಇನ್ನೊಬ್ಬನು ನಿರ್ಭಯವಾಗಿ ತಂಗುವಂತೆ ಮಾಡುವುದಕ್ಕೆ ಐಶ್ವರ್ಯವು ಬೇಕೇ ಬೇಕೆಂದಿಲ್ಲವೆಂಬುದು ಇದರ ತಾತ್ಪರ್ಯ.

ಇಲ್ಲಿ ಒಂದು ಶಂಕೆ ಉದ್ಭವಿಸುತ್ತದೆ. ರೋಗವು ಅಸಾತಾವೇದನೀಯ ಕರ್ಮದ ಉದಯ. ಅವರವರ ಕರ್ಮವನ್ನು ಅವರವರೇ ಅನುಭವಿಸಬೇಕು. ಒಬ್ಬನ ನೋವನ್ನು ಮತ್ತೊಬ್ಬನು ಹಂಚಿಕೊಳ್ಳಲಾರನು. ಹೀಗಿರುವಾಗ ಅಪರಿಚಿತನ ಹಾಸಿಗೆಯ ಬಳಿ ನಾವು ಮಾಡಬೇಕಾದುದೇನು? ಈ ಶಂಕೆ ಹಗುರವಾದುದಲ್ಲ. ಸಿದ್ಧಾಂತವು ಹಾಗೆ ಹೇಳುವುದು ನಿಜ. ಆದರೆ ಕರ್ಮದ ಫಲವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಉದಯಿಸುತ್ತದೆಂಬುದನ್ನೂ ಅದೇ ಸಿದ್ಧಾಂತವು ಹೇಳುತ್ತದೆ. ಹಸಿದ ಜೊತೆಗಾರನಿಗೆ ಎರಡು ರೊಟ್ಟಿ ಕೊಟ್ಟವನು ಒಳ್ಳೆಯ ನಿಮಿತ್ತನಾಗುತ್ತಾನೆ. ಕಂಡೂ ಕಾಣದಂತೆ ಹೋದವನು ಆ ಅವಕಾಶವನ್ನು ಕಳೆದುಕೊಳ್ಳುತ್ತಾನೆ. ಇನ್ನೂ ಮುಖ್ಯವಾದ ಮಾತೊಂದಿದೆ. ಕರ್ಮಸಿದ್ಧಾಂತವು ನನ್ನ ನೋವನ್ನು ನಾನು ಸಮತೆಯಿಂದ ಸಹಿಸಲು ಕೊಟ್ಟ ಊರುಗೋಲು. ಅನ್ಯರ ನೋವನ್ನು ಉಪೇಕ್ಷಿಸಲು ಕೊಟ್ಟ ಪರವಾನಗಿಯಲ್ಲ. ರೋಗಿಯ ತಲೆದಿಂಬಿನ ಬಳಿ ನಿಂತು ‘ಪೂರ್ವಕರ್ಮ’ ಎನ್ನುವವನು ಶಾಸ್ತ್ರವನ್ನು ಬಲ್ಲವನಾಗಿರಬಹುದು, ಅದನ್ನು ಬಳಸಬೇಕಾದ ಸ್ಥಳವನ್ನು ಬಲ್ಲವನಲ್ಲ.

ಎರಡನೆಯ ಶಂಕೆಯಿದು: ವೈಯಾವೃತ್ಯಕ್ಕೆ ಪಾತ್ರರು ತ್ಯಾಗಿಗಳು, ಮುನಿಗಳು, ಸಾಮಾನ್ಯ ಜನರಿಗೆ ಅದು ಹೇಗೆ ಅನ್ವಯಿಸೀತು? ತತ್ತ್ವಾರ್ಥಸೂತ್ರದಲ್ಲಿ ವೈಯಾವೃತ್ಯಕ್ಕೆ ಹೇಳಿದ ಹತ್ತು ಪಾತ್ರರು ಸಂಘಕ್ಕೆ ಸೇರಿದವರೇ ಎಂಬುದು ಸರಿ. ಆ ಹತ್ತರಲ್ಲಿ ‘ಗ್ಲಾನ’ ಅಂದರೆ ರೋಗಪೀಡಿತನಿಗೆ ಪ್ರತ್ಯೇಕ ಸ್ಥಾನವಿದೆಯೆಂಬುದನ್ನು ಮಾತ್ರ ಗಮನಿಸಬೇಕು. ಉಳಿದ ಜೀವಿಗಳ ವಿಷಯದಲ್ಲಿ ಅದೇ ಗ್ರಂಥವು ಅನುಕಂಪೆಯನ್ನು ವಿಧಿಸಿದೆ. ಸಾತಾವೇದನೀಯಕ್ಕೆ ಕಾರಣವಾಗುವ ಅನುಕಂಪೆಯನ್ನು ಹೇಳುವಾಗ ವ್ರತಿಗಳನ್ನಷ್ಟೇ ಹೇಳದೆ ಸಮಸ್ತ ಪ್ರಾಣಿಗಳನ್ನೂ ಹೇಳಿದೆ. ಪಾತ್ರದಾನವೆನ್ನಿ, ಕರುಣಾದಾನವೆನ್ನಿ, ಹೆಸರು ಬೇರೆಯಾದೀತು. ನೆಲದ ಮೇಲೆ ಮಲಗಿದವನಿಗೆ ಬೇಕಾದ ಚಾಪೆ ಒಂದೇ.

ಮೂರನೆಯ ಶಂಕೆ ವ್ಯವಹಾರದ್ದು: ಹೊರಗಿನವರು ಹೆಚ್ಚಾದಷ್ಟೂ ಆಸ್ಪತ್ರೆಗೆ ತೊಂದರೆಯಲ್ಲವೇ? ಇದು ದಿಟವಾದ ಮಾತು. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ, ಸಂದರ್ಶಕರ ಪೊಳ್ಳು ಭರವಸೆಗಳೂ ಬಿಟ್ಟಿ ಸಲಹೆಗಳೂ ರೋಗಿಯನ್ನು ಎಷ್ಟು ದಣಿಸುತ್ತವೆಂಬುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಇನ್ನೊಂದು ಕಡೆ, 2020ರ ಕೋವಿಡ್ ಕಾಲದಲ್ಲಿ ಭೇಟಿಗಳೆಲ್ಲ ನಿಂತು, ಎಷ್ಟೋ ಜನ ತಮ್ಮವರ ಮುಖ ಕಾಣದೆ ಕಣ್ಣುಮುಚ್ಚಿದಾಗ, ಹಾಸಿಗೆಯ ಬಳಿಯ ಒಂದು ಪರಿಚಿತ ಮುಖದ ಬೆಲೆಯೂ ನಮಗೆ ತಿಳಿಯಿತು. ಆದ್ದರಿಂದ ಭೇಟಿಯೇ ಬೇಡವೆಂಬುದು ಸರಿಯಲ್ಲ, ಗುಂಪುಗೂಡುವುದೂ ಸರಿಯಲ್ಲ. ಆಸ್ಪತ್ರೆಯ ಸಮಯವನ್ನು ಪಾಲಿಸಬೇಕು. ಒಬ್ಬರೋ ಇಬ್ಬರೋ ಹೋಗಬೇಕು. ಕೈ ತೊಳೆದು ಒಳಗೆ ಹೋಗಿ ಕೈ ತೊಳೆದು ಹೊರಗೆ ಬರಬೇಕು. ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ರಾಜನು ರೋಗಿಷ್ಠ ಮುನಿಯ ವಮನವನ್ನು ತನ್ನ ಕೈಯಾರೆ ತೊಳೆದನು. ಜುಗುಪ್ಸೆಯಿರಬಾರದೆಂಬುದು ಆ ಕಥೆಯ ಸಾರ, ಎಚ್ಚರವಿರಬಾರದೆಂಬುದಲ್ಲ. ನಮ್ಮ ಕೈಯಿಂದ ದುರ್ಬಲನಿಗೆ ಸೋಂಕು ತಗಲಿದರೆ ಅದೂ ಹಿಂಸೆಯೇ.

ಹಾಗಾದರೆ ಗೃಹಸ್ಥರೂ ಬಸದಿಗಳ ಟ್ರಸ್ಟುಗಳೂ ಮಾಡಬಹುದಾದುದೇನು? ಮೊದಲನೆಯದು ಕಾಗದದ ಸಹಾಯ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ತುರ್ತು ಸಂದರ್ಭಗಳ ಹೊರತು ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಡಿತರ ಚೀಟಿ, ಆಧಾರ್ ಜೊತೆಗಿರಬೇಕು. ಇದನ್ನರಿಯದೆ ಹೊರಟವನು ಒಂದು ಕಾಗದಕ್ಕಾಗಿ ಮರಳಿ ಊರಿಗೆ ಬರಬೇಕಾಗುತ್ತದೆ. ಅಂಗಡಿಯ ಗಲ್ಲೆಯ ಮೇಲೆ ಕುಳಿತ ನಮ್ಮವರು ಹೊರಡುವ ಮುನ್ನವೇ ಈ ಮಾತು ತಿಳಿಸಿದರೆ ಅದೇ ಔಷಧದಾನ. ಎರಡನೆಯದು ಭಾಷೆಯ ಸಹಾಯ. ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ವ್ಯಾಪಾರಕ್ಕಾಗಿ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಕುಣಬಿಗಳು, ಗೌಳಿಗಳು, ಸಿದ್ದಿಗಳು ನಮ್ಮ ಗಿರಾಕಿಗಳೇ ಆಗಿದ್ದಾರೆ. ಗಿರಾಕಿಯ ಭಾಷೆ ತಕ್ಕಡಿಯ ಮುಂದೆ ಬರುವಂತೆ ಹಾಸಿಗೆಯ ಮುಂದೆಯೂ ಬರಲಿ. ಮೂರನೆಯದು ಆವಾಸ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಖರ್ಚು ತಪ್ಪಿತು, ರಾತ್ರಿಯ ತಂಗುವಿಕೆಯ ಕಷ್ಟ ತಪ್ಪಲಿಲ್ಲ.

ಇದಕ್ಕೆ ದೃಷ್ಟಾಂತಗಳಿಲ್ಲದೆ ಇಲ್ಲ. ಮುಂಬಯಿಯ ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯು ಟಾಟಾ ಆಸ್ಪತ್ರೆಗೆ ಬರುವ ಕ್ಯಾನ್ಸರ್ ರೋಗಿಗಳಿಗೂ ಅವರ ಜೊತೆಗಾರರಿಗೂ ಆಶ್ರಯವಾಗಿದೆ. ನಮ್ಮ ಹತ್ತಿರದಲ್ಲಿಯೇ, ಹುಬ್ಬಳ್ಳಿಯ ಕಿಮ್ಸ್ ಆವರಣದಲ್ಲಿ, ಜೈನ ಯುವ ಸಂಘಟನೆಯೊಂದು ಮಹಾವೀರ ಲಿಂಬ್ ಸೆಂಟರನ್ನು ಕಟ್ಟಿ, ಜಾತಿಮತ ಕೇಳದೆ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಜೋಡಿಸುವ ಕೆಲಸವನ್ನು ನಡೆಸಿದೆ. ಅಷ್ಟು ದೊಡ್ಡದನ್ನು ಸಣ್ಣ ಊರಿನ ಬಸದಿಯು ಮಾಡಲಾರದು ನಿಜ. ಆದರೆ ನಾಲ್ಕು ತಾಲೂಕುಗಳ ಟ್ರಸ್ಟುಗಳು ಕೂಡಿ ಆಸ್ಪತ್ರೆಯ ಸಮೀಪದಲ್ಲಿ ಎರಡು ಬಾಡಿಗೆ ಕೋಣೆಗಳನ್ನು ಹಿಡಿಯಬಲ್ಲವು. ಹತ್ತು ಚಾಪೆ, ಹತ್ತು ಕಂಬಳಿ, ಒಂದು ಒಲೆ, ಬೀಗದ ಕೈ ಇಟ್ಟುಕೊಳ್ಳುವ ಒಬ್ಬ ವಿಶ್ವಾಸಿಕ, ಇಷ್ಟಾದರೆ ಸಾಕು. ದೇವದ್ರವ್ಯವನ್ನು ಇದಕ್ಕೆ ಬಳಸಬಹುದೇ ಎಂದು ಕೇಳುವವರುಂಟು. ಬಳಸಬೇಕಾಗಿಯೇ ಇಲ್ಲ. ಪೂಜೆಗೆಂದು ಬಂದುದು ಪೂಜೆಗೇ ಸಲ್ಲಲಿ. ಔಷಧ ಮತ್ತು ಆವಾಸಗಳಿಗೆಂದು ಬೇರೊಂದು ಖಾತೆ ತೆರೆದು, ಅದರ ಜಮಾಖರ್ಚನ್ನು ವರ್ಷಕ್ಕೊಮ್ಮೆ ಬಸದಿಯ ಫಲಕದ ಮೇಲೆ ಹಚ್ಚಿದರೆ ಯಾರ ಆಕ್ಷೇಪಣೆಗೂ ಎಡೆಯಿರದು. ಕೊಡುವ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ತೋರಿಸಿಕೊಡುವ ಖಾತೆಯ ಕೊರತೆಯಿದೆ.

ಹಾಗೆಂದು ಬಂಧುಗಳ ಭೇಟಿಯನ್ನು ಬಿಡಬೇಕೆಂದು ಈ ಲೇಖನದ ಅಭಿಪ್ರಾಯವಲ್ಲ. ಹೋಗೋಣ, ಅವಶ್ಯವಾಗಿ ಹೋಗೋಣ. ಆರು ಜನ ಹೋಗುವಲ್ಲಿ ಇಬ್ಬರು ಹೋಗಿ, ಉಳಿದ ನಾಲ್ವರ ಖರ್ಚನ್ನು ಆ ಖಾತೆಗೆ ಜಮೆ ಮಾಡೋಣ. ನಮ್ಮವರ ಜೊತೆಗಾರನನ್ನು ಒಂದು ರಾತ್ರಿ ಮಲಗಲು ಕಳಿಸಿ ಅವನ ಸ್ಥಾನದಲ್ಲಿ ಕುಳಿತುಕೊಳ್ಳೋಣ. ಎದ್ದು ಬರುವ ಮುನ್ನ ಎಡಕ್ಕೂ ಬಲಕ್ಕೂ ಇರುವ ಹಾಸಿಗೆಗಳನ್ನು ನೋಡಿ, ಅಲ್ಲಿ ಕುಳಿತವರನ್ನು ‘ಊಟವಾಯಿತೇ?’ ಎಂದು ಕೇಳೋಣ. ಆಗಿಲ್ಲವೆಂದರೆ ಅಂದಿನ ನಮ್ಮ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.