ದೇವರ ಮನೆಯ ಕಂಚು



ಪೂಜಾರಂಭದಲ್ಲಿ ಘಂಟಾನಾದ ಮಾಡುವಾಗ ಕೈಯಲ್ಲಿರುವ ಲೋಹ ಯಾವುದೆಂದು ವಿಚಾರಿಸುವವರು ವಿರಳ. ಕಂಚೆಂದು ನಂಬಿ ಹಿತ್ತಾಳೆಯನ್ನು ಕೊಂಡು ತರುವವರು ನಮ್ಮಲ್ಲಿ ಅನೇಕರಿದ್ದಾರೆ. ಶಾಸ್ತ್ರಕಾರರಿಗೆ ಈ ಗೊಂದಲವಿರಲಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯವು ಪಾತ್ರಶುದ್ಧಿಯನ್ನು ಹೇಳುವಾಗ ಕಾಂಸ್ಯವನ್ನೂ ರೈತ್ಯವನ್ನೂ, ಅಂದರೆ ಹಿತ್ತಾಳೆಯನ್ನೂ, ಬೇರೆಬೇರೆಯಾಗಿಯೇ ಎಣಿಸಿ, ಕ್ಷಾರ, ಹುಳಿ, ನೀರುಗಳಲ್ಲಿ ಅದದಕ್ಕೆ ಉಚಿತವಾದುದರಿಂದ ಶುದ್ಧಿಗೊಳಿಸಬೇಕೆಂದು ವಿಧಿಸಿದೆ.

ತಾಮ್ರಕ್ಕೆ ಸತುವು ಸೇರಿದರೆ ಹಿತ್ತಾಳೆ. ತವರ ಸೇರಿದರೆ ಕಂಚು. ರಸರತ್ನಸಮುಚ್ಚಯವು 8 ಭಾಗ ತಾಮ್ರಕ್ಕೆ 2 ಭಾಗ ತವರವನ್ನು ಹೇಳುತ್ತದೆ. ಇಂದಿಗೂ ಘಂಟೆಯ ಎರಕದಲ್ಲಿ ನೂರಕ್ಕೆ ಸುಮಾರು 78 ಭಾಗ ತಾಮ್ರ, 22 ಭಾಗ ತವರ. ಅಂತರ ಎಷ್ಟು ಅಲ್ಪ! ತಾಮ್ರವೂ ಮೃದು, ತವರವೂ ಮೃದು. ಎರಡೂ ಈ ಪ್ರಮಾಣದಲ್ಲಿ ಕೂಡಿದಾಗ ಕಾಠಿಣ್ಯ ಹುಟ್ಟುತ್ತದೆ. ಅದರಿಂದಲೇ ಒಮ್ಮೆ ಎದ್ದ ಕಂಪನವು ಲೋಹದೊಳಗೆ ಬೇಗನೆ ಅಡಗದೆ ಅನುರಣಿಸುತ್ತದೆ. ಆ ಗುಣಕ್ಕೆ ತೆರಬೇಕಾದ ಬೆಲೆಯೂ ಉಂಟು. ಕೈಜಾರಿದರೆ ಹಿತ್ತಾಳೆ ನೆಗ್ಗುತ್ತದೆ, ಕಂಚು ಬಿರಿಯುತ್ತದೆ. ಬಿರಿದ ಘಂಟೆಗೆ ನಾದವಿಲ್ಲ.

ರೈಲ್ವೆಯ ಸೇವೆಯಲ್ಲಿ ನಾವು ಕಂಡ ಕಂಚು ಇನ್ನೊಂದು ಬಗೆಯದು. ರೋಲರ್ ಬೇರಿಂಗು ಬರುವ ಮುನ್ನ ವ್ಯಾಗನ್ನಿನ ಭಾರವನ್ನು ಅಚ್ಚಿನ ಮೇಲೆ ಹೊರುತ್ತಿದ್ದುದು ಕಂಚಿನ ಬೇರಿಂಗೇ. ಅದರಲ್ಲಿ ತವರ ಕಡಿಮೆ. ಘಂಟೆಯ ಕಂಚನ್ನು ಅಲ್ಲಿಟ್ಟಿದ್ದರೆ ಆ ಪೆಟ್ಟುಗಳಿಗೆ ಒಡೆದೇ ಹೋಗುತ್ತಿತ್ತು.

ಇನ್ನು ಭೋಜನದ ವಿಚಾರ. ಗೃಹಸ್ಥರಿಗೆ ಕಾಂಸ್ಯಪಾತ್ರೆ ಪ್ರಶಸ್ತ; ಯತಿಗಳಿಗೂ ಬ್ರಹ್ಮಚಾರಿಗಳಿಗೂ ನಿಷಿದ್ಧ. ಕಂಚಿನಲ್ಲಿಟ್ಟ ಎಳನೀರನ್ನು ಧರ್ಮಶಾಸ್ತ್ರವು ಮದ್ಯಕ್ಕೆ ಸಮವೆಂದಿದೆ. ಹತ್ತು ದಿನ ಕಂಚಿನಲ್ಲಿದ್ದ ತುಪ್ಪವನ್ನು ಅಷ್ಟಾಂಗಹೃದಯವು ವಿರುದ್ಧಾಹಾರದಲ್ಲಿ ಸೇರಿಸಿದೆ. ಇದನ್ನು ಮೂಢನಂಬಿಕೆಯೆಂದು ನಗುವ ತರುಣರು ತುಪ್ಪದ ಅಂಚಿನಲ್ಲಿ ಕಟ್ಟುವ ಹಸಿರು ಕಿಲುಬನ್ನು ಒಮ್ಮೆ ನೋಡಲಿ. ಹುಳಿಯೂ ಕಮಟು ಹಿಡಿದ ಜಿಡ್ಡೂ ತಾಮ್ರವನ್ನು ಕರಗಿಸಿಕೊಳ್ಳುತ್ತವೆ. ಹಿತ್ತಾಳೆಯ ಪಾತ್ರೆಯಲ್ಲಿ ಹುಣಿಸೆಯ ಸಾರು ಕುದಿಸಬೇಕಾದರೆ ಕಲಾಯಿ ಇರಲೇಬೇಕು. ಆ ಕಲಾಯಿಯೂ ತವರವೇ.

ನಮ್ಮನ್ನು ನೋಯಿಸುವ ಸಂಗತಿ ಬೇರೊಂದಿದೆ. ಊರಿನ ಮನೆಯನ್ನು ಮುಚ್ಚಿ ಬರುವಾಗ ಅಜ್ಜಿಯ ಕಾಲದ ಕಂಚಿನ ತಟ್ಟೆ, ಒಡಕು ಜಾಗಟೆಗಳನ್ನು ಹಿತ್ತಾಳೆಯ ದರದಲ್ಲಿ ತೂಕಕ್ಕೆ ಹಾಕಿ, ಫ್ಲ್ಯಾಟಿಗೆ ಸ್ಟೀಲು ಕೊಳ್ಳುತ್ತೇವೆ. ತವರವು ತಾಮ್ರಕ್ಕಿಂತಲೂ ದುಬಾರಿ, ಸತುವು ಅಗ್ಗ. ಹಾಗಾಗಿ ಲೌಕಿಕದಲ್ಲಿಯೂ ಇದು ನಷ್ಟವೇ. ಒಡೆದ ಕಂಚನ್ನು ಕರಗಿಸಿ ಪುನಃ ಎರಕ ಹೊಯ್ಯಬಹುದು. ನಮ್ಮ ಕಂಚುಗಾರರಂತೆ ಮಹಾರಾಷ್ಟ್ರದ ಕಾಸಾರರ ಹೆಸರಿನಲ್ಲಿಯೂ ಇರುವುದು ಈ ಕಾಂಸ್ಯವೇ. ಅಂತಹ ಕೆಲಸ ಬಲ್ಲವರನ್ನು ವಿಚಾರಿಸಿದ ಮೇಲೆ ಗುಜರಿಯ ಮಾತು.

ಹೊಸ ಜಾಗಟೆ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ, ಅದನ್ನು ದಾರದಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ತೀಕ್ಷ್ಣಶಬ್ದವೇ ಒಳ್ಳೆಯ ಕಾಂಸ್ಯದ ಲಕ್ಷಣವೆಂದು ರಸಶಾಸ್ತ್ರದ ಮಾತು. ಹಿತ್ತಾಳೆಯ ದನಿ ಬೇಗನೆ ಅಡಗುತ್ತದೆ. ಕಂಚಿನದು ಕೈಯನ್ನು ತೆಗೆದ ಮೇಲೂ ನಿಲ್ಲುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥