ಪರರ ಓಲೆ

ಪರರ ಕಾಗದವನ್ನು ಓದಬಾರದೆಂಬುದು ಹಿರಿಯರು ನಮಗೆಲ್ಲ ಕಲಿಸಿದ ನೀತಿ. ಆ ಕಾಗದಕ್ಕೆ ಸುಮಾರು 1,800 ವರ್ಷ ವಯಸ್ಸಾಗಿದ್ದರೆ?

ನೈಲ್ ನದಿಯ ಜೌಗಿನಲ್ಲಿ ಹಿಂದೆ ಹೇರಳವಾಗಿ ಬೆಳೆಯುತ್ತಿದ್ದ ಪಪೈರಸ್ ಒಂದು ಬಗೆಯ ಜೊಂಡು. ಅದರ ದಂಟಿನ ತಿರುಳನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಹಾಸಿ, ಒತ್ತಿ ಒಣಗಿಸಿದರೆ ಬರೆಯುವ ಹಾಳೆ ಸಿದ್ಧ. ತೇವ ತಗಲಿದರೆ ಅದು ಕೊಳೆಯುತ್ತದೆ. ಈಜಿಪ್ಟಿನ ಒಣಮರಳಿನಲ್ಲಾದರೋ ಸಾವಿರಾರು ವರ್ಷ ಬಾಳುತ್ತದೆ.

1897ರಲ್ಲಿ ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಅಲ್ಲಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಕಸದ ತಿಪ್ಪೆಗಳನ್ನು ಅಗೆದರು. ಸಿಕ್ಕಿದ್ದು ಕಾವ್ಯಗಳ ತುಣುಕು ಮಾತ್ರವಲ್ಲ. ಕಂದಾಯದ ರಸೀದಿ, ಸಾಲಪತ್ರ, ಮನೆಯ ಕಾಗದಗಳೂ ಸಿಕ್ಕಿದವು. ಅವುಗಳಲ್ಲೊಂದು ಥಿಯೋನ್ ಎಂಬ ಹುಡುಗ ತಂದೆಗೆ ಬರೆದದ್ದು. ತನ್ನನ್ನು ಅಲೆಕ್ಸಾಂಡ್ರಿಯಕ್ಕೆ ಕರೆದೊಯ್ಯಲಿಲ್ಲವೆಂದು ಅವನಿಗೆ ಕೋಪ. ಕರೆಸಿಕೊಳ್ಳದಿದ್ದರೆ ಅನ್ನನೀರು ಮುಟ್ಟೆನೆಂಬ ಬೆದರಿಕೆ.

ಅದನ್ನೋದಿ ಲೋಕ ನಕ್ಕಿದೆ. ಪಂಡಿತರು ಅವನ ಕಾಗುಣಿತದ ತಪ್ಪುಗಳನ್ನು ಗುರುತಿಸಿದ್ದಾರೆ. ಹುಡುಗನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ, ಕೇಳುವುದಾದರೂ ಹೇಗೆ?

ಸತ್ತವರಿಗೆ ಮಾನವಿಲ್ಲವೆಂದರೆ ನಾಳೆ ನಮಗೂ ಅದೇ ಗತಿ. ಓದಲೇಕೂಡದೆಂದರೆ, ಅರಸರು ಕಲ್ಲಿನಲ್ಲಿ ಕೆತ್ತಿಸಿದ ಹೊಗಳಿಕೆಯೇ ಚರಿತ್ರೆಯಾಗಿ ಉಳಿದೀತು. ಸಾಮಾನ್ಯರ ಮನೆಯ ಮಾತು ನಮ್ಮ ಕಿವಿಗೆ ಬೀಳದು. ಆದುದರಿಂದ ಓದುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಕುತೂಹಲವೊಂದೇ ನಮಗೆ ಆ ಹಕ್ಕನ್ನು ಕೊಡಲಾರದು. ಆ ಕಾಗದ ತಂದೆಯೊಬ್ಬನಿಗೆ ಬರೆದದ್ದು. ಓದುವುದಾದರೆ ತಂದೆಯ ಕರುಳಿನಿಂದಲೇ ಓದಬೇಕೆಂದು ನನಗೆ ತೋರುತ್ತದೆ.