ನಾಸ್ತಿಕನ ಬಾಗಿಲು

ಶರನ್ನವರಾತ್ರಿಯ ಪುಣ್ಯಕಾಲದಲ್ಲಿ ನಾಸ್ತಿಕನನ್ನು ಕುರಿತು ಚಿಂತಿಸುವುದು ಕೆಲವರಿಗೆ ಅನುಚಿತವೆನಿಸಬಹುದು. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ವಸತಿ ಕಟ್ಟಡಗಳಲ್ಲಿ ಗೋಡೆಯ ಈಚೆಗೆ ಘಟಸ್ಥಾಪನೆ ನಡೆಯುತ್ತಿರುವಾಗ ಆಚೆಗೆ ದೇವರ ಪೀಠವೇ ಇಲ್ಲದ ಸಂಸಾರವೊಂದು ಬಾಳುತ್ತಿರುವುದುಂಟು. ಆ ಮನೆಯ ಯಜಮಾನನನ್ನು ಕೆಲವರು ಅಹಂಕಾರಿಯೆನ್ನುತ್ತಾರೆ. ಕೆಲವರು, ಕಷ್ಟ ಬಂದಾಗ ತಾನಾಗಿ ಕೈಮುಗಿಯುತ್ತಾನೆಂದು ನಗುತ್ತಾರೆ. ಎರಡೂ ಆತುರದ ತೀರ್ಪುಗಳೇ.

ದೇವರನ್ನು ಕುರಿತ ಸಂಶಯ ಈ ನೆಲಕ್ಕೆ ಹೊಸದಲ್ಲ. ಶಾಸ್ತ್ರಪರಂಪರೆಯು ವೇದಪ್ರಾಮಾಣ್ಯವನ್ನು ಒಪ್ಪದವನನ್ನು ನಾಸ್ತಿಕನೆಂದಿತು. ಆದುದರಿಂದಲೇ ಸೃಷ್ಟಿಕರ್ತನಾದ ಈಶ್ವರನನ್ನು ಹೇಳದ ಸಾಂಖ್ಯವೂ ಆಸ್ತಿಕದರ್ಶನಗಳ ಪಂಕ್ತಿಯಲ್ಲಿ ಸ್ಥಾನ ಪಡೆಯಿತು.

ಮನುಷ್ಯನು ನಾಸ್ತಿಕನಾಗುವ ದಾರಿಗಳು ಹಲವು. ಹಸುಗೂಸನ್ನು ಕಳೆದುಕೊಂಡವನ ದುಃಖ ಒಂದು. ದೇವರ ಹೆಸರಿನಲ್ಲಿ ಮನುಷ್ಯನನ್ನು ಹೊರಗೆ ನಿಲ್ಲಿಸಿದುದನ್ನು ಕಂಡ ರೋಷ ಇನ್ನೊಂದು. ಪ್ರಮಾಣವಿಲ್ಲದುದನ್ನು ಒಪ್ಪಲಾರದ ಬುದ್ಧಿ ಮತ್ತೊಂದು. 1900ರಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರು 1991ರಲ್ಲಿ ‘ದೇವರು’ ಎಂಬ ಗ್ರಂಥವನ್ನು ಪ್ರಕಟಿಸಿ, ತಮಗೇಕೆ ನಂಬಿಕೆಯಿಲ್ಲವೆಂಬುದನ್ನು ಸೌಜನ್ಯದಿಂದ ವಿವರಿಸಿದರು. ತೊಂಬತ್ತರ ಇಳಿವಯಸ್ಸಿನ ಆ ಮಾತನ್ನು ಯೌವನದ ಉದ್ಧಟತನವೆಂದು ತಳ್ಳಿಹಾಕಲಾಗದು.

ಭಕ್ತನು ಇಂಥವರನ್ನು ಕಾಣಬೇಕಾದ ಬಗೆಯನ್ನು ಗಾಂಧೀಜಿ ತೋರಿದರು. ಅಸ್ಪೃಶ್ಯತಾ ನಿವಾರಣೆಗಾಗಿ ದುಡಿಯುತ್ತಿದ್ದ ಆಂಧ್ರದ ನಾಸ್ತಿಕ ಗೋರಾ ಅವರನ್ನು ರಾಮನಾಮೋಪಾಸಕರಾದ ಮಹಾತ್ಮರು ಸೇವಾಗ್ರಾಮದಲ್ಲಿ ಆದರಿಸಿದರು. ಅವರ ಮಗಳ ವಿವಾಹವನ್ನು ಆಶ್ರಮದಲ್ಲಿ ನಡೆಸಲು ಒಪ್ಪಿ, ವಿಧಿಯಲ್ಲಿ ದೇವರ ಬದಲು ಸತ್ಯದ ಹೆಸರನ್ನು ಹೇಳಬಹುದೆಂದರು. ಅದನ್ನು ನೋಡಲು ಅವರು ಉಳಿಯಲಿಲ್ಲ. ಅವರ ಹತ್ಯೆಯ ಬಳಿಕ, 1948ರ ಮಾರ್ಚಿನಲ್ಲಿ, ಸೇವಾಗ್ರಾಮದಲ್ಲಿಯೇ ಆ ವಿವಾಹ ನೆರವೇರಿತು.

ಇತ್ತ, 2005ರ ಜುಲೈ 26ರಂದು ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದ್ಲಾಪುರಗಳು ಜಲಾವೃತವಾದವು. ಮುಳುಗುವವನು ತನ್ನತ್ತ ಚಾಚಿದ ಕೈ ಆಸ್ತಿಕನದೋ ನಾಸ್ತಿಕನದೋ ಎಂದು ವಿಚಾರಿಸುವನೆ? ನೆರೆಯಿಳಿದ ಮೇಲೆ ಮಾತ್ರ ಆ ಪ್ರಶ್ನೆ ಏಕೆ ಏಳಬೇಕು?

ನಾಸ್ತಿಕನಿಗೂ ಧರ್ಮವೊಂದುಂಟು. ವೃದ್ಧಮಾತೆ ಹಚ್ಚಿದ ದೀಪವನ್ನು ಅವನು ಹಂಗಿಸಬಾರದು. ಆ ದೀಪದಲ್ಲಿ ಆಕೆಯ ಬಾಳಿನ ಧೈರ್ಯವಿದೆ. ಭಕ್ತನಾದರೋ ತನ್ನನ್ನೇ ಪ್ರಶ್ನಿಸಿಕೊಳ್ಳಬೇಕು: ದೇವಿ ಸರ್ವಭೂತಗಳಲ್ಲಿಯೂ ನೆಲೆಸಿದವಳೆಂದು ನಿತ್ಯವೂ ಸ್ತುತಿಸುವವನು, ಪಕ್ಕದ ಮನೆಯವನನ್ನು ಮಾತ್ರ ಅದರಿಂದ ಹೊರಗಿಟ್ಟರೆ ಆ ಸ್ತೋತ್ರಕ್ಕೆ ಅರ್ಥವೇನು?

ವಿಜಯದಶಮಿಯ ಸಂಜೆ ಬನ್ನಿ ಹಂಚಲು ಹೊರಟಾಗ ಆ ಬಾಗಿಲನ್ನೂ ತಟ್ಟೋಣ. ಎಲೆಯನ್ನು ಅವನು ಬಂಗಾರವೆಂದು ನಂಬದಿರಬಹುದು. ನೀಡಿದ ಕೈಯನ್ನಂತೂ ನಂಬಿಯಾನು.